ಡಿಮ್ಯಾಗ್‌ಗೆ ಯಾವ ದಾರಿ? ಕೊಟೇಶನ್ ಕೇಳುವ ಮುಂಚೆ ಒಂದು ಹೋಲಿಕೆ

ಎರಡು ವಾರದಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಕಾಮಾಕ್ಷಿಪಾಳ್ಯದಲ್ಲಿ ಡೈ, ಪಂಚ್ ಮಾಡುವವರು. ಇನ್ನೊಬ್ಬರು ಪೀಣ್ಯ 2ನೇ ಹಂತದಲ್ಲಿ ಬೇರಿಂಗ್ ರಿಂಗ್ ಗ್ರೈಂಡ್ ಮಾಡಿಕೊಡುವವರು. ಮೂರನೆಯವರು ದೊಡ್ಡ ಪಂಪ್, ಟರ್ಬೈನ್‌ಗಳ ರಿಪೇರಿ ಕಾಂಟ್ರಾಕ್ಟ್ ಹಿಡಿಯುವವರು. "ಮ್ಯಾಗ್ನೆಟ್ ತೆಗೆಯೋಕೆ ಒಂದು ಮಷೀನ್ ತಗೋಬೇಕು ಸಾರ್, ಯಾವುದು ತಗೊಳ್ಳಲಿ?" ಉಕ್ಕಿನಲ್ಲಿ ಉಳಿದ ಕಾಂತತ್ವ ತೆಗೆಯುವ ಈ ಕೆಲಸಕ್ಕೇ ಡಿಮ್ಯಾಗ್ ಅನ್ನುವುದು. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಒಬ್ಬರಿಗಂತೂ ದೊಡ್ಡ ಮಷೀನೇ ಬೇಡ ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನನ್ನದೇ ಒಂದು ಎಡವಟ್ಟಿನ ಕಥೆ. ವರ್ಷಗಳ ಹಿಂದೆ 140 ಶಾಫ್ಟ್‌ಗಳಿಗೆ ಎಂಪಿಐ (ತುಂಡನ್ನು ಮ್ಯಾಗ್ನೆಟ್ ಮಾಡಿ, ಕಬ್ಬಿಣದ ಪುಡಿ ಹಾಕಿ ಬಿರುಕು ಹುಡುಕುವ ಪರೀಕ್ಷೆ) ಮಾಡಿ ಕಳಿಸಿದ್ದೆವು. ಬೆಂಚ್ ಮಷೀನಿನಲ್ಲಿ ಎರಡು ಹೆಡ್‌ಗಳ ಮಧ್ಯೆ ಹಿಡಿದು, ಶಾಫ್ಟ್ ಮೂಲಕವೇ ಕರೆಂಟ್ ಹಾಯಿಸಿದ್ದು. ಆಮೇಲೆ ಮೀಟರ್ ಹಿಡಿದರೆ ಸೊನ್ನೆ. "ಸಾರ್, ಇದರಲ್ಲಿ ಮ್ಯಾಗ್ನೆಟ್ಟೇ ಇಲ್ಲ, ಡಿಮ್ಯಾಗ್ ಯಾಕೆ?" ಅಂದ ನಮ್ಮ ಹುಡುಗ. ನಾನೂ ಹೂಂ ಅಂದೆ. ಹದಿನೈದು ದಿನಕ್ಕೆ ಗಿರಾಕಿಯ ಫೋನ್ ಬಂತು. ಕೀವೇ (ಶಾಫ್ಟಿಗೆ ಗೇರ್, ಪುಲ್ಲಿ ಕಚ್ಚಿಸಲು ಕೊರೆಯುವ ಉದ್ದ ಸಂದು) ಹಾಕುತ್ತಿದ್ದ ಹಾಗೇ ಚಿಪ್ಸ್ ಎಲ್ಲ ಅದರಲ್ಲೇ ಮೀಸೆ ಬೆಳೆದ ಹಾಗೆ ಅಂಟಿಕೊಂಡಿದೆ, ಟೂಲ್ ಹಾಳಾಗುತ್ತಿದೆ ಅಂತ. ಲಾಟ್ ಪೂರ್ತಿ ವಾಪಸ್ ಬಂತು.

ಆಗಿದ್ದಿಷ್ಟು. ಶಾಫ್ಟ್ ಮೂಲಕ ಕರೆಂಟ್ ಹಾಯಿಸಿದಾಗ ಕಾಂತಕ್ಷೇತ್ರ ಬಳೆಯ ಹಾಗೆ ಶಾಫ್ಟಿನ ಒಳಗೇ ಸುತ್ತು ಹಾಕುತ್ತದೆ. ಅದಕ್ಕೆ ತುದಿಯಿಲ್ಲ, ಉತ್ತರ-ದಕ್ಷಿಣ ಧ್ರುವಗಳಿಲ್ಲ. ಹಾಗಾಗಿ ಹೊರಗಿನಿಂದ ಅಳೆದರೆ ಏನೂ ಸಿಗುವುದಿಲ್ಲ. ಕೀವೇ ಹಾಕಿದಾಗ ಬಳೆ ಒಡೆಯಿತು, ಅಡಗಿದ್ದು ಹೊರಗೆ ಬಂತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಮೀಟರಿನ ಸೊನ್ನೆಯೆಲ್ಲ ಸೊನ್ನೆಯಲ್ಲ. ಈಗ ನಾವು ಇಂಥ ಶಾಫ್ಟನ್ನು ಮೊದಲು ಕಾಯಿಲ್‌ನಲ್ಲಿ (ತಂತಿಯ ಸುರುಳಿಯಲ್ಲಿ) ಉದ್ದಕ್ಕೆ ಮ್ಯಾಗ್ನೆಟೈಸ್ ಮಾಡಿ, ಮೀಟರಿಗೆ ಕಾಣುವ ಹಾಗೆ ಮಾಡಿಕೊಂಡು, ಆಮೇಲೆ ಡಿಮ್ಯಾಗ್ ಮಾಡುತ್ತೇವೆ.

ಡಿಮ್ಯಾಗ್ ಅಂದರೆ ನಡೆಯುವುದೇನು

ಜೋಕಾಲಿ ನೆನಪು ಮಾಡಿಕೊಳ್ಳಿ. ಜೋರಾಗಿ ತೂಗಿ ಬಿಟ್ಟರೆ ಆ ಕಡೆ, ಈ ಕಡೆ, ಪ್ರತಿ ಸಲ ಸ್ವಲ್ಪ ಕಡಿಮೆ ಎತ್ತರಕ್ಕೆ ಹೋಗಿ ಕೊನೆಗೆ ನಡುವೆ ನಿಲ್ಲುತ್ತದೆ. ಡಿಮ್ಯಾಗ್ ಕೂಡ ಹಾಗೇ. ಕಾಂತಕ್ಷೇತ್ರದ ದಿಕ್ಕು ಬದಲಾಗುತ್ತಾ ಇರಬೇಕು, ಅದರ ಬಲ ಕಡಿಮೆಯಾಗುತ್ತಾ ಬರಬೇಕು. ಎರಡೂ ಬೇಕು. ಶುರುವಿನ ತೂಗು, ಮ್ಯಾಗ್ನೆಟೈಸ್ ಮಾಡಿದಾಗಿನ ಬಲಕ್ಕಿಂತ ಕಡಿಮೆ ಇರಬಾರದು. ಮಾರುಕಟ್ಟೆಯಲ್ಲಿ ಸಿಗುವ ಎಲ್ಲ ಮಷೀನುಗಳೂ ಮಾಡುವುದು ಇದನ್ನೇ. ದಿಕ್ಕು ಎಷ್ಟು ಬೇಗ ಬದಲಾಗುತ್ತದೆ, ಬಲ ಹೇಗೆ ಇಳಿಯುತ್ತದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ಜೋಕಾಲಿ ಮೇಲಿದ್ದಾಗ ಗಬಕ್ಕನೆ ಹಿಡಿದು ನಿಲ್ಲಿಸಿದರೆ? ಅಲ್ಲೇ ನಿಲ್ಲುತ್ತದೆ. ತುಂಡು ಕಾಯಿಲ್ ಒಳಗಿರುವಾಗ ಸ್ವಿಚ್ ಆಫ್ ಮಾಡಿದರೂ ಅಷ್ಟೇ. ಡಿಮ್ಯಾಗ್ ಆಗುವ ಬದಲು ಹೊಸದಾಗಿ ಮ್ಯಾಗ್ನೆಟ್ ಆಗಿ ಹೊರಬರುತ್ತದೆ. ಕೆಲಸದ ಮಧ್ಯೆ ಕರೆಂಟ್ ಹೋದರೂ ಇದೇ ಗತಿ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಹೋದಾಗ ಒಳಗಿದ್ದ ತುಂಡನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಮಾಡಿ.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ

ಎಷ್ಟು ಉಳಿದರೆ ನಡೆಯುತ್ತದೆ? ಇದು ಗಿರಾಕಿಯ ಡ್ರಾಯಿಂಗ್ ಅಥವಾ ಆರ್ಡರಿನಲ್ಲಿ ಇರಬೇಕು. ವಿಮಾನದ ಭಾಗಗಳಿಗೆ ಜಾಸ್ತಿ ಬಳಕೆಯಲ್ಲಿರುವ ಎಎಸ್‌ಟಿಎಂ ಇ1444 ಅನ್ನುವ ಮಾನದಂಡ ಹೇಳುವುದು 3 ಗೌಸ್ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಬೇರಿಂಗಿನವರು ಅದಕ್ಕಿಂತ ಕಡಿಮೆ ಕೇಳುವುದುಂಟು. ವೆಲ್ಡಿಂಗಿಗೆ ಹೋಗುವ ಪೈಪಿನ ಲೆಕ್ಕ ಬೇರೆ. ಸುಮಾರು 20 ಗೌಸ್ ದಾಟಿದ ಮೇಲೆ ಆರ್ಕ್ ಅತ್ತಿತ್ತ ಎಳೆದಾಡಲು ಶುರು ಮಾಡುತ್ತದೆ, 40 ದಾಟಿದರೆ ವೆಲ್ಡರ್ ಕೈಚೆಲ್ಲುತ್ತಾನೆ. 3 ಗೌಸ್ ಬೇಕಾದವರೂ 20 ಗೌಸ್ ಸಾಕಾದವರೂ ಒಂದೇ ಮಷೀನ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಉಕ್ಕು ಯಾವುದು? ಮೆದು ಉಕ್ಕು ಮ್ಯಾಗ್ನೆಟ್ ಆಗುವುದೂ ಬೇಗ, ಬಿಡುವುದೂ ಬೇಗ. ಗಟ್ಟಿ ಮಾಡಿದ ಇಎನ್ 31 (ಬೇರಿಂಗ್ ಉಕ್ಕು) ನಾಯಿ ಬಾಲದ ಹಾಗೆ, ಸುಲಭಕ್ಕೆ ನೆಟ್ಟಗಾಗುವುದಿಲ್ಲ. ಅದಕ್ಕೆ ಶುರುವಿನಲ್ಲೇ ಜಾಸ್ತಿ ಬಲ ಬೇಕು.

ತುಂಡು ಎಷ್ಟು ದಪ್ಪ, ಯಾವ ಕರೆಂಟಿನಲ್ಲಿ ಮ್ಯಾಗ್ನೆಟ್ ಆಗಿದ್ದು? ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನಮ್ಮ ಲೈನಿನ 50 ಹರ್ಟ್ಸ್ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಉಕ್ಕಿನ ಒಳಗೆ ಹೆಚ್ಚು ಇಳಿಯುವುದಿಲ್ಲ. ಸಾಮಾನ್ಯ ಉಕ್ಕಿನಲ್ಲಿ ಎರಡು ಮೂರು ಮಿಲಿಮೀಟರ್ ಅಂದುಕೊಳ್ಳಿ. ಅಷ್ಟರಲ್ಲೇ ಬಹುಪಾಲು ಬಲ ಮುಗಿದಿರುತ್ತದೆ. ಎಸಿಯಲ್ಲೇ ಮ್ಯಾಗ್ನೆಟೈಸ್ ಮಾಡಿದ್ದರೆ ಚಿಂತೆಯಿಲ್ಲ, ಕೂತಿದ್ದೂ ಮೇಲ್ಪದರದಲ್ಲೇ. ಡಿಸಿಯಲ್ಲಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ) ಮಾಡಿದ್ದರೆ ಕಾಂತತ್ವ ಒಳಗಿನವರೆಗೂ ಇಳಿದಿರುತ್ತದೆ. ಎಸಿ ಕಾಯಿಲ್ ಅದರ ಸಿಪ್ಪೆ ಸುಲಿಯುತ್ತದೆ, ತಿರುಳು ಹಾಗೇ ಉಳಿಯುತ್ತದೆ. ಬೋರ್ ಮಾಡಿದಾಗಲೋ ಗ್ರೈಂಡ್ ಮಾಡಿದಾಗಲೋ ಅದು ಹೊರಗೆ ಬರುತ್ತದೆ.

ಕೊನೆಯದು ದಿನಕ್ಕೆ ಎಷ್ಟು ತುಂಡು, ಒಂದೊಂದರ ತೂಕ ಎಷ್ಟು, ಮುಂದಿನ ಕೆಲಸ ಏನು ಅನ್ನುವುದು. ಈ ಮುಂದಿನ ಕೆಲಸದ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಮರೆತು ದುಡ್ಡು ಕಳೆಯುತ್ತಾರೆ. ಅದರಿಂದಲೇ ಶುರು ಮಾಡೋಣ.

ಏನೂ ಕೊಳ್ಳದ ದಾರಿ

ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಕಾಂತತ್ವ ತಾನಾಗಿಯೇ ಹೋಗುತ್ತದೆ. ಫ್ರೆಂಚ್ ವಿಜ್ಞಾನಿ ಪಿಯರೆ ಕ್ಯೂರಿಯ ಹೆಸರಿನಲ್ಲಿ ಇದನ್ನು ಕ್ಯೂರಿ ಬಿಂದು ಅನ್ನುತ್ತಾರೆ. ಹಾಗಂತ ಡಿಮ್ಯಾಗ್‌ಗಾಗಿಯೇ ಯಾರೂ ತುಂಡನ್ನು ಕುಲುಮೆಗೆ ಹಾಕಬಾರದು. ಗಡಸುತನ ಹೋಗುತ್ತದೆ, ಮೇಲೆ ಸ್ಕೇಲ್ (ಸುಟ್ಟ ಕಬ್ಬಿಣದ ಪದರ) ಕೂರುತ್ತದೆ, ಅಳತೆ ಸೊಟ್ಟಗಾಗುತ್ತದೆ. ಆದರೆ ನಿಮ್ಮ ತುಂಡು ಹೇಗೂ ಹಾರ್ಡನಿಂಗ್‌ಗೆ ಹೋಗುವುದಿದ್ದರೆ? ಹಾರ್ಡನಿಂಗ್ ಕುಲುಮೆ ಸಾಮಾನ್ಯವಾಗಿ 800 ಡಿಗ್ರಿ ದಾಟಿಯೇ ಇರುತ್ತದೆ. ಫೋರ್ಜಿಂಗ್ ತುಂಡಿಗೆ ಎಂಪಿಐ ಮಾಡಿ, ಡಿಮ್ಯಾಗ್ ಮಾಡಿ, ಮೀಟರ್ ಹಿಡಿದು, ರಿಪೋರ್ಟ್ ಬರೆದು, ಮಾರನೇ ದಿನ ಹಾರ್ಡನಿಂಗ್‌ಗೆ ಕಳಿಸುವವರನ್ನು ನೋಡಿದ್ದೇನೆ. ಸುಮ್ನೆ ಕೆಲಸ. ಒಂದು ಎಚ್ಚರಿಕೆ ಇದೆ. ಟೆಂಪರಿಂಗ್ (ಗಡಸಾದ ತುಂಡನ್ನು ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸುವುದು) ಮಾತ್ರ ಮಾಡುವುದಾದರೆ ಈ ಲೆಕ್ಕ ನಡೆಯುವುದಿಲ್ಲ. ಆ ಬಿಸಿ ಕ್ಯೂರಿ ಬಿಂದುವನ್ನು ಮುಟ್ಟುವುದೇ ಇಲ್ಲ.

ಹಾಗೆಯೇ ಮುಂದಿನ ಕೆಲಸ ಮ್ಯಾಗ್ನೆಟಿಕ್ ಚಕ್ (ತುಂಡನ್ನು ಮ್ಯಾಗ್ನೆಟ್‌ನಿಂದ ಹಿಡಿದಿಡುವ ಭಾಗ) ಮೇಲೆ ಗ್ರೈಂಡಿಂಗ್ ಆಗಿದ್ದರೆ, ಅದಕ್ಕೂ ಮುಂಚೆ ಮಾಡಿದ ಡಿಮ್ಯಾಗ್ ನೀರಿನಲ್ಲಿ ಹೋಮ. ಚಕ್ ಮತ್ತೆ ಮ್ಯಾಗ್ನೆಟ್ ಮಾಡಿಯೇ ಕಳಿಸುತ್ತದೆ. ಗ್ರೈಂಡಿಂಗ್ ಆದ ಮೇಲೆ ಒಂದೇ ಸಲ ಮಾಡಿ. ಎಂಪಿಐ ಮುಗಿದ ಮೇಲೆ ತುಂಡು ತೊಳೆಯುವುದೂ ಡಿಮ್ಯಾಗ್ ಆದ ಮೇಲೇ ಇರಲಿ. ಮ್ಯಾಗ್ನೆಟ್ ಇರುವಾಗ ಎಂಪಿಐಗೆ ಹಾಕಿದ ಪುಡಿ ಮೂಲೆಗಳನ್ನು ಬಿಡುವುದಿಲ್ಲ.

ಕೈಯಲ್ಲಿ ಹಿಡಿಯುವ ಯೋಕ್

ನಿಮ್ಮಲ್ಲಿ ಎಂಪಿಐಗೆ ಎಸಿ ಯೋಕ್ (ಎರಡು ಕಾಲಿನ ವಿದ್ಯುತ್ ಮ್ಯಾಗ್ನೆಟ್) ಇದ್ದರೆ ಡಿಮ್ಯಾಗ್ ಉಪಕರಣವೂ ಇದ್ದ ಹಾಗೇ. ಎರಡು ಕಾಲುಗಳನ್ನೂ ತುಂಡಿನ ಮೇಲಿಟ್ಟು, ಸ್ವಿಚ್ ಒತ್ತಿ, ನಿಧಾನಕ್ಕೆ ಸುತ್ತು ಹಾಕುತ್ತಾ ಮೇಲಕ್ಕೆತ್ತಿ, ಅರ್ಧ ಮೀಟರ್‌ಗಿಂತ ದೂರ ಬಂದ ಮೇಲೆ ಸ್ವಿಚ್ ಬಿಡಬೇಕು. ವೆಲ್ಡ್ ಜಾಯಿಂಟ್, ದೊಡ್ಡ ಕಾಸ್ಟಿಂಗಿನ ಒಂದು ಮೂಲೆ, ಜಾಗ ಬಿಟ್ಟು ಕದಲದ ಮಷೀನಿನ ಭಾಗ ಇಂಥದ್ದಕ್ಕೆ ಸರಿ. ಪೂರ್ತಿ ಶಾಫ್ಟಿಗೆ ಬೇಡ. ಒಂದು ಕಡೆ ತೆಗೆದು ಇನ್ನೊಂದು ಕಡೆ ತಳ್ಳಿದ ಹಾಗಾಗುತ್ತದೆ. ಡಿಸಿ ಮೋಡ್‌ನಲ್ಲಿಟ್ಟು ಡಿಮ್ಯಾಗ್ ಮಾಡಲು ಹೋಗುವವರೂ ಇದ್ದಾರೆ. ದಿಕ್ಕೇ ಬದಲಾಗದಿದ್ದರೆ ಜೋಕಾಲಿ ಎಲ್ಲಿ ಆಡುತ್ತದೆ?

ಮೇಜಿನ ಮೇಲಿನ ಪ್ಲೇಟ್

ಇದು 230 ವೋಲ್ಟ್ ಮಾಮೂಲಿ ಪ್ಲಗ್‌ಗೆ ಹಾಕುವ ಪೆಟ್ಟಿಗೆ, ಮೇಲೆ ಚಪ್ಪಟೆ ಮುಖ. ತುಂಡನ್ನು ಅದರ ಮೇಲೆ ಸವರಿಕೊಂಡು ಹೋಗಿ ಆಚೆ ತುದಿಯಿಂದ ದೂರಕ್ಕೆ ಎಳೆಯಬೇಕು. ಡ್ರಿಲ್, ಪಂಚ್, ಕಾಲೆಟ್, ಸಣ್ಣ ಡೈ ಪ್ಲೇಟ್, ಗೇಜ್‌ಗಳಿಗೆ ಇದು ಹೇಳಿ ಮಾಡಿಸಿದ್ದು. ಕೊಳ್ಳುವ ಮಷೀನುಗಳಲ್ಲಿ ಅಗ್ಗದ್ದೂ ಇದೇ. ಕಾಮಾಕ್ಷಿಪಾಳ್ಯದವರಿಗೆ ಇದು ಸಾಕು ಅಂದೆ. ಅವರ ಪಂಚ್‌ಗಳೆಲ್ಲ ಅಂಗೈಯಲ್ಲಿ ಹಿಡಿಸುವಂಥವು, ಮ್ಯಾಗ್ನೆಟ್ ಆಗುವುದು ಸರ್ಫೇಸ್ ಗ್ರೈಂಡರಿನ ಚಕ್‌ನಿಂದ. ತುಂಡು ದಪ್ಪವಾದಷ್ಟೂ ಬಲ ಸಾಲದೆ ಹೋಗುತ್ತದೆ. ಮಗುಚಿ ಎರಡೂ ಮುಖ ಸವರಿದರೆ ಸ್ವಲ್ಪ ಸುಧಾರಿಸುತ್ತದೆ. ಕೊಳ್ಳುವಾಗ ಎಷ್ಟು ಹೊತ್ತು ಸತತವಾಗಿ ಓಡಿಸಬಹುದು ಅಂತ ಕೇಳಿ. ಸಣ್ಣ ಪ್ಲೇಟ್‌ಗಳು ಬೇಗ ಕಾಯುತ್ತವೆ, ನಡುವೆ ಬಿಡುವು ಕೊಡಬೇಕಾಗುತ್ತದೆ.

ಎಸಿ ಸುರಂಗ ಕಾಯಿಲ್

ಬೆಂಗಳೂರಿನ ಹೆಚ್ಚಿನ ಶೆಡ್‌ಗಳಿಗೆ ನಾನು ಹೇಳುವುದು ಇದನ್ನೇ. ದೊಡ್ಡ ಕಾಯಿಲ್, ನಡುವೆ ತೂತು, ಕೆಳಗೆ ಹಳಿ ಅಥವಾ ಬೆಲ್ಟ್. ಕರೆಂಟ್ ಸದಾ ಹರಿಯುತ್ತಿರುತ್ತದೆ. ತುಂಡು ಈ ಕಡೆಯಿಂದ ಹೋಗಿ ಆ ಕಡೆಗೆ ಬರುತ್ತದೆ. ದೂರ ಹೋದಂತೆ ಕ್ಷೇತ್ರ ತಾನಾಗಿ ಇಳಿಯುತ್ತದೆ. ಸೆಕೆಂಡಿಗೆ 100 ಸಲ ದಿಕ್ಕು ಬದಲಾಗುವುದನ್ನು ಲೈನೇ ನೋಡಿಕೊಳ್ಳುತ್ತದೆ. ಕೆಡುವಂಥ ಎಲೆಕ್ಟ್ರಾನಿಕ್ಸ್ ಕಡಿಮೆ. ಗಂಟೆಗೆ ನೂರಾರು ತುಂಡು ತೆಗೆಯಬಹುದು.

ಇಷ್ಟು ಸುಲಭದ ಮಷೀನಿನಲ್ಲೂ ತಪ್ಪು ಮಾಡುವುದಕ್ಕೆ ಬಹಳ ದಾರಿಗಳಿವೆ. ನಾನು ದಿನಾ ನೋಡುವಂಥವನ್ನು ಹೇಳುತ್ತೇನೆ.

ತೂತು ದೊಡ್ಡದಿದ್ದಷ್ಟೂ ಒಳ್ಳೆಯದು, ನಾಳೆ ದೊಡ್ಡ ಆರ್ಡರ್ ಬಂದರೂ ಆಗುತ್ತೆ ಅಂತ ದೊಡ್ಡ ಕಾಯಿಲ್ ತರುತ್ತಾರೆ. ಅಷ್ಟೇ ಕರೆಂಟಿಗೆ ತೂತು ದೊಡ್ಡದಾದರೆ ನಡುವಿನ ಬಲ ಇಳಿಯುತ್ತದೆ. ಬೆರಳು ಗಾತ್ರದ ಪಿನ್ನನ್ನು ಬಕೆಟ್ ಗಾತ್ರದ ತೂತಿನ ನಡುವೆ ಕಳಿಸಿದರೆ ಸಾಲುವುದಿಲ್ಲ. ಇದ್ದದ್ದರಲ್ಲಿ ಒಳಗೋಡೆಗೆ ಹತ್ತಿರ ಇಟ್ಟು ಕಳಿಸಿ.

ಬುಟ್ಟಿ ತುಂಬಾ ತುಂಬಿ ಒಂದೇ ಸಲ ನೂಕುವುದು ಇನ್ನೊಂದು. ಹೊರಗಿನ ತುಂಡುಗಳು ಕ್ಷೇತ್ರವನ್ನೆಲ್ಲ ತಾವೇ ಎಳೆದುಕೊಂಡು ಒಳಗಿನವಕ್ಕೆ ಕೊಡೆ ಹಿಡಿಯುತ್ತವೆ. ಕಬ್ಬಿಣದ ಟ್ರೇ ಕೂಡ ಹಾಗೇ. ಮರ, ಪ್ಲಾಸ್ಟಿಕ್ ಟ್ರೇ ಇರಲಿ, ಒಂದೇ ಪದರ ಇರಲಿ.

ಮೂರನೆಯದು ಆಕಾರ. ಉದ್ದ ಶಾಫ್ಟನ್ನು ಕಾಯಿಲಿನ ಉದ್ದಕ್ಕೇ ಕಳಿಸಬೇಕು, ಅಡ್ಡ ಇಡಬಾರದು. ಗಿಡ್ಡ ತುಂಡುಗಳು ಒಂಟಿಯಾಗಿ ಸರಿಯಾಗಿ ಡಿಮ್ಯಾಗ್ ಆಗುವುದಿಲ್ಲ. ರೈಲು ಡಬ್ಬಿಗಳ ಹಾಗೆ ತುದಿಗೆ ತುದಿ ಸೇರಿಸಿ ಸಾಲಾಗಿ ಕಳಿಸಿದರೆ ಆಗುತ್ತವೆ. ರಿಂಗ್‌ಗಳನ್ನು ಉರುಳಿಸಿಕೊಂಡು ದಾಟಿಸಿದರೆ ಒಳ್ಳೆಯದು.

ಇನ್ನು ಆಚೆ ಬಂದ ತಕ್ಷಣ ಸ್ವಿಚ್ ಆರಿಸುವ ಆತುರ. ಕನಿಷ್ಠ ಒಂದರಿಂದ ಒಂದೂವರೆ ಮೀಟರ್ ದೂರ ಹೋಗಲಿ. ಅಂದರೆ ಕಾಯಿಲಿನ ಎರಡೂ ಕಡೆ ಅಷ್ಟು ಜಾಗ ಬೇಕು. ಬಾಡಿಗೆ ಶೆಡ್ಡಿನಲ್ಲಿ ಅಷ್ಟು ಉದ್ದ ಖಾಲಿ ಗೋಡೆ ಇದೆಯಾ ಅಂತ ಅಳೆದು ನೋಡಿದ ಮೇಲೆ ಕೊಟೇಶನ್ ಕೇಳಿ. ಜೊತೆಗೆ, ಇಂಥ ಕಾಯಿಲ್ ಸಾಮಾನ್ಯವಾಗಿ ಸಿಂಗಲ್ ಫೇಸಿನಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ, ಪವರ್ ಫ್ಯಾಕ್ಟರ್ ಕೆಡಿಸುತ್ತದೆ. ಕೆಪಾಸಿಟರ್ ಕೂಡಿಸಿ ಕೊಡುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ. ಬೆಸ್ಕಾಂ ಬಿಲ್ ಬಂದ ಮೇಲೆ ಮಾತಾಡುವುದು ಬೇಡ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕಾಯಿಲ್ ಹತ್ತಿರ ಬರಲೇಬಾರದು. ಬೋರ್ಡ್ ಬರೆದು ಹಾಕಿ. ಮಾಗಡಿ ರಸ್ತೆಯ ಕಡೆಯ ಒಂದು ಶೆಡ್ಡಿನಲ್ಲಿ ಕಾವಲಿನ ಅಜ್ಜ ಬಿಸಿ ತಾಗಲಿ ಅಂತ ಕಾಯಿಲ್‌ಗೆ ಒರಗಿ ಕೂತಿರುತ್ತಿದ್ದರು.

ದಪ್ಪ ತುಂಡಿಗೆ: ದಿಕ್ಕು ಬದಲಿಸುವ ಡಿಸಿ

ಬೆಂಚ್ ಮಷೀನಿನಲ್ಲೇ ಬರುವ ಎಸಿ ಇಳಿಕೆ ಸೌಲಭ್ಯವನ್ನು ಮೊದಲು ಒಂದು ಮಾತಿನಲ್ಲಿ ಮುಗಿಸುತ್ತೇನೆ. ತುಂಡು ಕದಲಿಸಬೇಕಾಗಿಲ್ಲ, ಎಸಿ ಕರೆಂಟ್ ತಾನೇ ಹಂತ ಹಂತವಾಗಿ ಇಳಿಯುತ್ತದೆ. ಭಾರದ ತುಂಡಿಗೆ ಅನುಕೂಲ, ಆದರೆ ಆಳದ ಮಿತಿ ಎಸಿ ಕಾಯಿಲಿನದ್ದೇ.

ಡಿಸಿ ಮಷೀನಿನ ಕೆಲಸ ಬೇರೆ. ಕರೆಂಟ್ ಒಂದು ದಿಕ್ಕಿಗೆ ಹರಿಯುತ್ತದೆ, ನಿಲ್ಲುತ್ತದೆ, ಸ್ವಲ್ಪ ಕಡಿಮೆಯಾಗಿ ಎದುರು ದಿಕ್ಕಿಗೆ ಹರಿಯುತ್ತದೆ. ಸೆಕೆಂಡಿಗೆ ಒಂದು ಸಲ ಅಂದುಕೊಳ್ಳಿ. ಹೀಗೆ ಮೂವತ್ತರ ಆಸುಪಾಸು ಹಂತ ಇಳಿದು ಸೊನ್ನೆಗೆ ಬರುತ್ತದೆ. ಇಷ್ಟು ನಿಧಾನವಾದ್ದರಿಂದ ಉಕ್ಕಿನ ಆಳಕ್ಕೆ ಇಳಿಯುವುದಕ್ಕೆ ಅದಕ್ಕೆ ಪುರುಸೊತ್ತು ಸಿಗುತ್ತದೆ. ಲೆಕ್ಕ ಸರಳ: 50 ಹರ್ಟ್ಸ್‌ನಿಂದ 1 ಹರ್ಟ್ಸ್‌ಗೆ ಇಳಿದರೆ ಆಳ ಸುಮಾರು ಏಳು ಪಟ್ಟು. ಎರಡು ಮಿಲಿಮೀಟರ್ ಇದ್ದದ್ದು ಹದಿನಾಲ್ಕು ಆಯಿತು. ಕ್ರ್ಯಾಂಕ್‌ಶಾಫ್ಟ್, ದಪ್ಪ ಫೋರ್ಜಿಂಗ್, ಇನ್ನೂ ಹಲ್ಲು ಕೊರೆಯದ ಭಾರದ ಗೇರ್ ಬ್ಲ್ಯಾಂಕ್‌ಗಳಿಗೆ ಇದೇ ಸರಿ.

ಬೆಲೆಯಲ್ಲಿ ಇದೇ ಎಲ್ಲಕ್ಕಿಂತ ಮೇಲೆ. ವೇಗದಲ್ಲಿ ಕೆಳಗೆ. ಒಂದು ತುಂಡಿಗೆ ಅರ್ಧ ನಿಮಿಷ, ಏರಿಸಿ ಇಳಿಸುವುದು ಬೇರೆ. ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಸರ್ವೀಸಿನವರು ಬರುವ ತನಕ ಕೈಕಟ್ಟಿ ಕೂರಬೇಕು. ಆದ್ದರಿಂದ ನನ್ನ ಸಲಹೆ ಇದು. ನಿಮ್ಮ ಎಂಪಿಐ ಬೆಂಚ್ ಡಿಸಿಯದ್ದಾಗಿ, ತುಂಡಿನ ದಪ್ಪ 20 ಮಿಲಿಮೀಟರ್ ದಾಟಿ, ಗಿರಾಕಿ 3 ಗೌಸ್ ಕೇಳುತ್ತಿದ್ದರೆ ಇದಕ್ಕೆ ದುಡ್ಡು ಹಾಕಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮೊದಲು ಎಸಿ ಕಾಯಿಲ್‌ನಲ್ಲಿ ಮಾಡಿ ನೋಡಿ. ಹೊಸ ಎಂಪಿಐ ಬೆಂಚ್ ಕೊಳ್ಳುವ ಯೋಚನೆ ಇದ್ದರೆ ಡಿಸಿ ಡಿಮ್ಯಾಗ್ ಅದರೊಳಗೇ ಸೇರಿಸಿ ಕೇಳಿ. ಆಮೇಲೆ ಬೇರೆಯಾಗಿ ಕೊಳ್ಳುವುದು ಕೈಕಚ್ಚುತ್ತದೆ.

ಇದ್ದ ಜಾಗಕ್ಕೇ ಹೋಗಿ ಮಾಡುವ ಕೇಬಲ್ ಸುತ್ತು

ಇದು ಮೂರನೆಯವರಿಗಾಗಿ. ಹತ್ತಾರು ವರ್ಷ ಓಡಿದ ರೋಟರ್, ಪಂಪ್ ಶಾಫ್ಟ್, ಬೇರಿಂಗ್ ಹೌಸಿಂಗ್‌ಗಳು ಎಂಪಿಐ ಕಾಣದಿದ್ದರೂ ಮ್ಯಾಗ್ನೆಟ್ ಆಗಿರುತ್ತವೆ. ಲಿಫ್ಟಿಂಗ್ ಮ್ಯಾಗ್ನೆಟ್‌ನಿಂದ ಎತ್ತಿರುತ್ತಾರೆ. ಇಲ್ಲವೇ ಹತ್ತಿರದಲ್ಲಿ ವೆಲ್ಡಿಂಗ್ ಮಾಡುವಾಗ ಅರ್ತ್ ಕ್ಲ್ಯಾಂಪನ್ನು ಎಲ್ಲೋ ದೂರ ಹಾಕಿ ಕರೆಂಟ್ ಶಾಫ್ಟ್ ಮೂಲಕವೇ ಹಾಯ್ದಿರುತ್ತದೆ. ಮ್ಯಾಗ್ನೆಟ್ ಆದ ರೋಟರ್ ತಿರುಗಿದಾಗ ತಾನೇ ಒಂದು ಸಣ್ಣ ಜನರೇಟರ್ ಆಗುತ್ತದೆ. ಆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಮುಖವನ್ನು ಸಿಡುಬಿನ ಕಲೆಯ ಹಾಗೆ ಮಾಡುತ್ತದೆ. ಬೇರಿಂಗ್ ಬದಲಾಯಿಸಿ ಬದಲಾಯಿಸಿ ಸುಸ್ತಾದ ಮೇಲೆ ಯಾರೋ ಒಬ್ಬರು ಗೌಸ್ ಮೀಟರ್ ಹಿಡಿಯುತ್ತಾರೆ.

ಇಂಥವನ್ನು ಯಾವ ಸುರಂಗಕ್ಕೂ ತೂರಿಸಲಾಗುವುದಿಲ್ಲ. ದಪ್ಪ ಕೇಬಲ್ಲನ್ನು ಶಾಫ್ಟಿನ ಸುತ್ತ ಹಲವು ಸುತ್ತು ಹಾಕಿ, ಒಯ್ಯಬಹುದಾದ ಡಿಸಿ ಡಿಮ್ಯಾಗ್ ಪೆಟ್ಟಿಗೆಗೆ ಸೇರಿಸಿ, ಹಂತ ಹಂತವಾಗಿ ಇಳಿಸಬೇಕು. ಶಾಫ್ಟಿಗೆ ಸೇರಿದ ಸೆನ್ಸರ್‌ಗಳನ್ನು ಮೊದಲು ಬಿಚ್ಚಿಡಿ. ಕೈಯಲ್ಲೇ ಮಾಡುವವರೂ ಇದ್ದಾರೆ. ಡಿಸಿ ವೆಲ್ಡಿಂಗ್ ಸೆಟ್‌ನ ಕೇಬಲ್ ಸುತ್ತಿ, ಪ್ರತಿ ಸಲ ಆಫ್ ಮಾಡಿ, ತುದಿ ಅದಲುಬದಲು ಮಾಡಿ, ಆಂಪಿಯರ್ ಸ್ವಲ್ಪ ಇಳಿಸುತ್ತಾ ಹೋಗುತ್ತಾರೆ. ವೆಲ್ಡಿಂಗಿಗೆ ಅಡ್ಡಿಯಾಗದಷ್ಟು ಇಳಿಸಲು ಇದು ಸಾಕಾಗುತ್ತದೆ. 3 ಗೌಸ್‌ಗೆ ತರುತ್ತೇನೆ ಅಂತ ಮಾತ್ರ ಮಾತು ಕೊಡಬೇಡಿ. ವರ್ಷಕ್ಕೆ ನಾಲ್ಕೈದು ಸಲ ಬರುವ ಕೆಲಸಕ್ಕೆ ಪೆಟ್ಟಿಗೆ ಕೊಳ್ಳುವುದು ಬೇಡ, ಆ ಕೆಲಸ ಮಾಡುವವರನ್ನೇ ಕರೆಸಿ ಅಂದೆ. ಅವರಿಗೆ ನಾನು ಕೊಳ್ಳಿ ಅಂದಿದ್ದು ಒಂದು ಮೀಟರ್ ಮಾತ್ರ.

ಹೊರಗೆ ಕೊಡುವುದಾದರೆ

ಪೀಣ್ಯ, ಬೊಮ್ಮಸಂದ್ರ, ಜಿಗಣಿಯಲ್ಲಿ ಎಂಪಿಐ ಜಾಬ್ ವರ್ಕ್ ಮಾಡುವವರು ಡಿಮ್ಯಾಗ್ ಕೂಡ ಮಾಡಿ ರಿಪೋರ್ಟ್ ಕೊಡುತ್ತಾರೆ. ವಿಮಾನದ ಕೆಲಸವಾದರೆ ನ್ಯಾಡ್‌ಕ್ಯಾಪ್ (ವಿಮಾನ ಉದ್ಯಮದವರು ಇಂಥ ಕೆಲಸಗಳಿಗೆ ಕೊಡುವ) ಮಾನ್ಯತೆ ಇದೆಯಾ ಅಂತ ಗಿರಾಕಿಯೇ ಕೇಳುತ್ತಾರೆ, ಆಗ ಸ್ವಂತ ಮಷೀನಿನ ಮಾತು ಬರುವುದೇ ಇಲ್ಲ. ಉಳಿದವರು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ನೋಡಿ. ಸುಮ್ನೆ ಉದಾಹರಣೆಗೆ ಸಂಖ್ಯೆ ಇಟ್ಟುಕೊಳ್ಳೋಣ, ಇದು ಮಾರುಕಟ್ಟೆ ದರ ಅಲ್ಲ. ತುಂಡಿಗೆ 4 ರೂಪಾಯಿ, ತಿಂಗಳಿಗೆ 3,000 ತುಂಡು, ಅಲ್ಲಿಗೆ 12,000. ಟೆಂಪೋ 8 ಟ್ರಿಪ್, ಟ್ರಿಪ್ಪಿಗೆ 900, ಅಲ್ಲಿಗೆ 7,200. ಒಟ್ಟು ತಿಂಗಳಿಗೆ 19,200. ಇದರಲ್ಲಿ ನಿಮ್ಮ ಆಪರೇಟರ್ ಸಂಬಳದ ಪಾಲು, ಕರೆಂಟ್ ಕಳೆಯಿರಿ. ಮಷೀನಿನ ಕೊಟೇಶನ್ನನ್ನು ಉಳಿದ ಮೊತ್ತದಿಂದ ಭಾಗಿಸಿ. ಒಂದೂವರೆ ವರ್ಷದೊಳಗೆ ದುಡ್ಡು ವಾಪಸ್ ಬರುವ ಹಾಗಿದ್ದರೆ ನಾನಾದರೆ ಕೊಳ್ಳುತ್ತೇನೆ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಟೆಂಪೋ ನಿಂತ ಹೊತ್ತಿಗೆ ಬೆಲೆ ಕಟ್ಟುವುದು ನಿಮಗೆ ಬಿಟ್ಟದ್ದು.

ಬೇರಿಂಗ್ ರಿಂಗಿನವರ ಲೆಕ್ಕ ಹೀಗೇ ಬಂತು. ದಿನಕ್ಕೆ ಸಾವಿರದ ಮೇಲೆ ರಿಂಗ್, ಗೋಡೆ ತೆಳು, ಉಕ್ಕು ಗಟ್ಟಿ, ಮ್ಯಾಗ್ನೆಟ್ ಆಗುವುದು ಗ್ರೈಂಡಿಂಗ್ ಚಕ್‌ನಿಂದ. ಅವರಿಗೆ ಬೆಲ್ಟ್ ಇರುವ ಎಸಿ ಸುರಂಗ, ತೂತು ಚಿಕ್ಕದು, ಬಲ ಜಾಸ್ತಿ. ದಿನಕ್ಕೆ ನೂರೇ ಇದ್ದಿದ್ದರೆ ಹೊರಗೆ ಕೊಡಿ ಅನ್ನುತ್ತಿದ್ದೆ.

ಎಲ್ಲರೂ ಕೊಳ್ಳಬೇಕಾದ್ದು

ಅದು ಮೀಟರ್. ಬಜೆಟ್ ಎಷ್ಟೇ ಇರಲಿ, ಮೊದಲ ದುಡ್ಡು ಇದಕ್ಕೆ. ಜೇಬಿನಲ್ಲಿ ಹಿಡಿಸುವ ಮುಳ್ಳಿನ ಫೀಲ್ಡ್ ಇಂಡಿಕೇಟರ್‌ಗೆ ಬ್ಯಾಟರಿ ಬೇಡ, ಬೆಲೆ ಕಡಿಮೆ, ಶಾಫ್ಟಿನ ತುದಿ ನೋಡಲು ಸಾಕು. ತೂತಿನ ಒಳಗೆ, ಗೇರ್ ಹಲ್ಲಿನ ಸಂದಿಗೆ ಅದು ಹೋಗುವುದಿಲ್ಲ. ಅಲ್ಲಿಗೆ ಹಾಲ್ ಪ್ರೋಬ್ (ಕಡ್ಡಿಯ ಹಾಗಿರುವ ತೆಳು ಸೆನ್ಸರ್) ಇರುವ ಗೌಸ್ ಮೀಟರ್ ಬೇಕು, ಜೊತೆಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್. ದಾರಕ್ಕೆ ಗುಂಡುಪಿನ್ನು ಕಟ್ಟಿ ನೋಡುವುದು ಇದೆಯೋ ಇಲ್ಲವೋ ತಿಳಿಯಲು ಸರಿ, ಎಷ್ಟಿದೆ ಅಂತ ರಿಪೋರ್ಟಿಗೆ ಬರೆಯಲು ಆಗುವುದಿಲ್ಲ. ಮೊಬೈಲ್ ಆ್ಯಪ್ ಬೇಡವೇ ಬೇಡ. ಸೆನ್ಸರ್ ಫೋನಿನ ಯಾವ ಮೂಲೆಯಲ್ಲಿದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಸ್ಪೀಕರಿನ ಮ್ಯಾಗ್ನೆಟ್ ಬೇರೆ ಪಕ್ಕದಲ್ಲೇ ಕೂತಿರುತ್ತದೆ.

ಅಳೆಯುವಾಗ ತುದಿ, ಮೂಲೆ, ತೂತಿನ ಅಂಚು ನೋಡಿ. ಕಾಯಿಲ್‌ನಿಂದ, ದೊಡ್ಡ ಕಬ್ಬಿಣದ ಮೇಜಿನಿಂದ ದೂರ ಹೋಗಿ ಅಳೆಯಿರಿ.

ನಮ್ಮ ಊರಿನದೇ ಒಂದು ವಿಶೇಷ ಹೇಳುತ್ತೇನೆ. ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಸುಮಾರು 0.4 ಗೌಸ್. ಭೂಮಿಯ ಕಾಂತ ಸಮಭಾಜಕ ರೇಖೆ ಕೇರಳದ ತುಂಬಾ ಅನ್ನುವ ಊರಿನ ಹತ್ತಿರ ಹಾದು ಹೋಗುತ್ತದೆ. 1963ರಲ್ಲಿ ಅಲ್ಲಿಂದ ರಾಕೆಟ್ ಹಾರಿಸಲು ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ. ಆ ರೇಖೆ ನಮಗೂ ಅಷ್ಟೇನು ದೂರವಲ್ಲ. ಹಾಗಾಗಿ ಇಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ, ಉತ್ತರ-ದಕ್ಷಿಣವಾಗಿ ಮಲಗಿದೆ. ಉದ್ದ ಶಾಫ್ಟನ್ನು ಉತ್ತರ-ದಕ್ಷಿಣ ಇಟ್ಟರೆ ಅದು ಆ ಕ್ಷೇತ್ರವನ್ನು ಕೂಡಿಸಿಕೊಂಡು ತುದಿಯಲ್ಲಿ ತೋರಿಸುತ್ತದೆ. ನೀವು ಡಿಮ್ಯಾಗ್ ಸರಿಯಾಗಲಿಲ್ಲ ಅಂತ ಮತ್ತೆ ಮತ್ತೆ ಕಾಯಿಲಿಗೆ ತೂರಿಸುತ್ತೀರಿ. ಪೂರ್ವ-ಪಶ್ಚಿಮಕ್ಕೆ ತಿರುಗಿಸಿ ಅಳೆಯಿರಿ. ರೀಡಿಂಗ್ ಇಳಿದರೆ ತಪ್ಪು ನಿಮ್ಮದಲ್ಲ, ಭೂಮಿಯದು. ಡಿಮ್ಯಾಗ್ ಕಾಯಿಲನ್ನೂ ಪೂರ್ವ-ಪಶ್ಚಿಮವಾಗಿಯೇ ಕೂರಿಸಿ. ಮಷೀನ್ ಬಂದ ದಿನವೇ ಇದನ್ನು ಮಾಡಿದರೆ ಖರ್ಚಿಲ್ಲ.

ದುಡ್ಡು ಕೊಡುವ ಮುಂಚೆ

ಮಾರುವವರು ಡೆಮೋಗೆ ಒಂದು ಮೆದು ಉಕ್ಕಿನ ತುಂಡು ಇಟ್ಟುಕೊಂಡಿರುತ್ತಾರೆ. ಅದು ಯಾವ ಮಷೀನಿನಲ್ಲಿ ಹಾಕಿದರೂ ಸೊನ್ನೆಯಾಗುತ್ತದೆ. ನಿಮ್ಮಲ್ಲಿರುವ ಅತಿ ಹಟಮಾರಿ ತುಂಡನ್ನು ತೆಗೆದುಕೊಂಡು ಹೋಗಿ. ಗಟ್ಟಿಯಾದದ್ದು, ದಪ್ಪನೆಯದ್ದು, ನಿಮ್ಮದೇ ಬೆಂಚಿನಲ್ಲಿ ಪೂರ್ತಿ ಕರೆಂಟಿನಲ್ಲಿ ಮ್ಯಾಗ್ನೆಟ್ ಮಾಡಿದ್ದು. ಮೀಟರ್ ಕೂಡ ನಿಮ್ಮದೇ ಇರಲಿ. ಐದು ತುಂಡು ಮಾಡಿಸಿ, ನಂಬರ್ ಬರೆದು, ಪೂರ್ವ-ಪಶ್ಚಿಮ ಇಟ್ಟು ಅಳೆದುಕೊಳ್ಳಿ. ಮನೆಗೆ ತಂದು ಒಂದಕ್ಕೆ ಕೀವೇ ಹಾಕಿಸಿ, ಚಿಪ್ಸ್ ಎಲ್ಲಿ ಬೀಳುತ್ತದೆ ನೋಡಿ.

ನಾನು ಈಗಲೂ ಹೊಸ ಶಾಫ್ಟ್ ಲಾಟ್ ಬಂದರೆ ಒಂದು ತುಂಡಿಗೆ ಅದನ್ನು ಮಾಡಿಸುತ್ತೇನೆ. ಆ 140ರಲ್ಲಿ ಒಂದರ ತುದಿ ಕತ್ತರಿಸಿ ನನ್ನ ಮೇಜಿನ ಮೇಲಿಟ್ಟಿದ್ದೇನೆ. ಅದರ ಕೀವೇಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಅಂಟಿಕೊಂಡಿರುತ್ತವೆ.